ಗುಂಯ್ ಅನ್ನುವುದು ಮಾತ್ರ ಹೋಗುತ್ತದೆ

ಜೂನ್ 3, ಬೆಳಿಗ್ಗೆ

ಮಷೀನಿನ ಬಾಟಲಿಗೆ ನೀರು ತುಂಬಿದೆ. ಫಿಲ್ಟರ್ ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟೆ. ಅಕ್ಕ ತಿಂಡಿ ಅರ್ಧಕ್ಕೇ ಬಿಟ್ಟಳು. ಉಳಿದದ್ದನ್ನು ನಾನೇ ತಿಂದೆ. ಉಪ್ಪಿತ್ತೋ ಇಲ್ಲವೋ, ನೆನಪಿಲ್ಲ.

ಗುಂಯ್... ನಡುವೆ ಒಂದು ಠಸ್. ಮತ್ತೆ ಗುಂಯ್. ಆಕ್ಸಿಜನ್ ಮಷೀನು ಬಂದಾಗಿನಿಂದ ಈ ಮನೆಗೆ ಇದೇ ಹಿನ್ನೆಲೆ ಸಂಗೀತ. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಆ ಗೋಡೆಗೆ ಅಕ್ಕನ ಮಂಚ, ಈ ಗೋಡೆಗೆ ನನ್ನ ಮೇಜು. ಕಿಟಕಿ ಈ ಕಡೆಗಿರುವುದರಿಂದ ಅವಳಿಗೆ ಬೆನ್ನು ಹಾಕಿಯೇ ಕೂರಬೇಕು.

ಕೆಲಸ ಅದೇ. ವಿಮೆಯವರು ಜನರ ಹೇಳಿಕೆಗಳನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ, ನಾನು ಕೇಳಿ ಟೈಪ್ ಮಾಡುತ್ತೇನೆ. ಯಾರ ಕಾರು ಯಾರಿಗೆ ಗುದ್ದಿತು, ಯಾರ ಅಂಗಡಿಗೆ ನೀರು ನುಗ್ಗಿತು. ಕೇಳಿಸದ ಕಡೆ ‘ಅಸ್ಪಷ್ಟ’ ಎಂದು ಹಾಕುವುದು ನಿಯಮ. ನಿನ್ನೆ ಕಳಿಸಿದ್ದರಲ್ಲಿ ಮಾತಿಗಿಂತ ಅಸ್ಪಷ್ಟವೇ ಹೆಚ್ಚು.

ಈ ದಿನಚರಿಯೂ ಅದೇ ಫೈಲುಗಳ ನಡುವೆ. ದೂರದಿಂದ ನೋಡಿದರೆ ಕೆಲಸ ಮಾಡುತ್ತಿರುವಂತೆಯೇ ಕಾಣುತ್ತದೆ.

ಜೂನ್ 4

ಮೇಲ್ವಿಚಾರಕಿಯ ಫೋನ್. ಸ್ಪೀಕರ್ ಹಾಕಿದ್ದೆ, ತಪ್ಪಾಯಿತು.

“ಏನ್ರೀ ಇದು? ಆ ಮನುಷ್ಯ ಮೈಕ್ ನುಂಗೋ ಹಾಗೆ ಕಿರುಚಿದಾನೆ. ನಿಮಗೆ ಅಸ್ಪಷ್ಟಾನಾ?”

“ಮನೇಲಿ ಮಷೀನಿದೆ ಮೇಡಂ...”

“ಗೊತ್ತು, ಬೇಜಾರಾಗತ್ತೆ. ಆದ್ರೆ ಈ ತಿಂಗಳು ನೋಡ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ಬೇಕಾಗತ್ತೆ. ಈ ಸದ್ದು ಕಟ್ ಮಾಡೋ ಹೆಡ್‌ಫೋನ್ ಬರತ್ತಲ್ಲ, ಒಂದು ತಗೊಳ್ಳಿ.”

ಫೋನಿಟ್ಟ ಮೇಲೆ ಏನೂ ಅನ್ನಿಸಲಿಲ್ಲ. ಕೆಲಸ ಹೋದರೆ ಮಷೀನಿನ ಬಾಡಿಗೆ ಎಲ್ಲಿಂದ ಎಂದು ಯೋಚಿಸಬೇಕಿತ್ತು. ಪಾತ್ರೆ ತೊಳೆದೆ.

ಅಕ್ಕ ಮಂಚದಿಂದ: “ತಗೋಳೇ. ಈ ಡಬ್ಬಾ ಅಂತೂ ಬಾಯಿ ಮುಚ್ಚಲ್ಲ, ನೀನಾದ್ರೂ ಕಿವಿ ಮುಚ್ಕೋ.”

“ನೀನು ಕರೆದ್ರೆ?”

“ತುಂಬಿದ ಬಸ್ಸಲ್ಲಿ ಹಿಂದಿನ ಬಾಗಿಲಿಂದ ಡ್ರೈವರ್‌ಗೆ ಕೇಳೋ ಹಾಗೆ ಕೂಗಿದೋಳು ನಾನು. ನಿಂಗೆ ಕೇಳಲ್ವಾ?”

ಅಷ್ಟು ಹೇಳುವಷ್ಟರಲ್ಲಿ ಉಸಿರು ಸಾಲಲಿಲ್ಲ. ಕಂಡಕ್ಟರ್ ಆಗಿದ್ದವಳು. ಒಂದು ಕೂಗಿಗೆ ಇಡೀ ಬಸ್ಸು ಮುಂದೆ ಸರಿಯುತ್ತಿತ್ತು. ಈಗ ಆ ದನಿ ಮಂಚದ ಅಂಚು ದಾಟಿದರೆ ಹೆಚ್ಚು.

ಜೂನ್ 9

ಐದು ದಿನದಿಂದ ಹೆಡ್‌ಫೋನ್‌ಗಳ ವಿಮರ್ಶೆ ಓದುತ್ತಿದ್ದೇನೆ. ಅಳೆದೂ ಸುರಿದೂ ಎಲ್ಲಿಗೂ ಮುಟ್ಟಿಲ್ಲ. ಒಬ್ಬನಿಗೆ ಸೂಪರ್. ಇನ್ನೊಬ್ಬನಿಗೆ ಕಿವಿ ಬೆಂದು ಹೋಯಿತು. ಒಬ್ಬಳು ಬರೆದಿದ್ದಾಳೆ — ಗಂಡನ ಗೊರಕೆ ಹೋಗಲಿಲ್ಲ, ಗಂಡ ಹೋದ, ಆದರೂ ನಾಲ್ಕು ಸ್ಟಾರ್.

ಅಕ್ಕನಿಗೆ ಓದಿ ಹೇಳಿದೆ. ನಕ್ಕಳು. ನಗುತ್ತಾ ಪಕ್ಕೆ ಹಿಡಿದುಕೊಂಡಳು.

“ನೋವಾ?”

“ನಕ್ಕಿದ್ದಕ್ಕೆ ಕಣೇ. ಅಭ್ಯಾಸ ತಪ್ಪಿದೆ.”

ಡಾಕ್ಟರ್ ಹೇಳಿಬಿಟ್ಟಿದ್ದಾರೆ, ನೋವು ಶುರುವಾದರೆ ವಾರ್ಡಿಗೆ ಸೇರಿಸಿ ಎಂದು. ಅಕ್ಕನೂ ಹೇಳಿಬಿಟ್ಟಿದ್ದಾಳೆ, ಆ ವಾರ್ಡಿಗೆ ಇನ್ನೊಮ್ಮೆ ಕಾಲಿಡುವುದಿಲ್ಲ ಎಂದು. ಪ್ರತಿ ವಾರ ಬರುವ ನರ್ಸ್ ಕೇಳಿದಾಗಲೆಲ್ಲ ಒಂದೇ ಉತ್ತರ: ನೋವಿಲ್ಲ.

ಜೂನ್ 12

ಅಂಗಡಿಗೆ ಹೋಗಿದ್ದೆ. ಪಕ್ಕದ ಮನೆಯವರನ್ನು ಅಕ್ಕನ ಬಳಿ ಕೂರಿಸಿ.

ಮಷೀನಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಒಯ್ದಿದ್ದೆ. ಅಂಗಡಿಯವನ ಕೌಂಟರ್ ಮೇಲೆ ಅದನ್ನು ಜೋರಾಗಿ ಹಾಕಿ, ಒಂದೊಂದೇ ಹೆಡ್‌ಫೋನ್ ಹಾಕಿ ನೋಡಿದೆ.

“ಇದೇನು ಮೇಡಂ, ಹಾಳಾದ ಫ್ರಿಜ್ಜಾ?”

“ನಮ್ಮಕ್ಕನ ಮಷೀನು.”

ಆಮೇಲೆ ಅವನು ತಮಾಷೆ ಮಾಡಲಿಲ್ಲ. ಕಿವಿಯೊಳಗೆ ತೂರಿಸುವಂಥದ್ದು ಬೇಡವೆಂದೆ, ದಿನವಿಡೀ ಇಟ್ಟರೆ ಹುಣ್ಣಾಗುತ್ತದೆ. ಒಂದು ದುಬಾರಿಯದು ಹಾಕಿದ. ಅಂಗಡಿಯೇ ಮಾಯ. ಅವನ ತುಟಿ ಅಲ್ಲಾಡುತ್ತಿತ್ತು, ಮಾತಿಲ್ಲ. ಹೆದರಿಕೆಯಾಯಿತು, ಕಿತ್ತು ತೆಗೆದೆ. ಬೆಲೆಯೂ ಹೆದರಿಸುವಂಥದ್ದೇ.

ಕಡೆಗೆ ಕೆಳಗಿನ ಸಾಲಿನಿಂದ ಒಂದು ತೆಗೆದ. ಕಪ್ಪು ಬಣ್ಣ, ಹಗುರ, ಮೆತ್ತೆ ದಪ್ಪ. ಬ್ಯಾಟರಿ ಮುಗಿದರೆ ವೈರ್ ಹಾಕಿಕೊಳ್ಳಬಹುದು.

“ಈ ರೇಟಿಗೆ ಒಂದೇ ಸಮ ಗುಂಯ್ ಅನ್ನೋದು ಮಾತ್ರ ಹೋಗತ್ತೆ. ಮಾತು ಹೋಗಲ್ಲ. ಮೊದಲೇ ಹೇಳ್ತೀನಿ, ಆಮೇಲೆ ಬಂದು ಬೈಬೇಡಿ.”

ಹಾಕಿದೆ. ಮಷೀನು ಹೋಯಿತು, ಫ್ಯಾನು ಹೋಯಿತು, ಬೀದಿ ಹೋಯಿತು. ಅವನ ಮಾತು ಮಾತ್ರ ತೊಳೆದಿಟ್ಟ ಹಾಗೆ ಉಳಿಯಿತು. ನನಗೆ ಬೇಕಾಗಿದ್ದೂ ಅದೇ. ತೆಗೆದುಕೊಂಡೆ.

ಜೂನ್ 13

ಮೊದಲ ದಿನ. ಮೂರು ಹೇಳಿಕೆ ಮುಗಿಸಿದೆ. ಒಂದೇ ಒಂದು ಅಸ್ಪಷ್ಟ, ಅದೂ ಆಯಪ್ಪ ಕೆಮ್ಮಿದ್ದಕ್ಕೆ.

ತೆಗೆದಾಗ ಅಕ್ಕ ಕಾಯುತ್ತಿದ್ದಳು. “ಹಿಂದಿನಿಂದ ಮೂರು ಸಲ ಕತ್ತೆ ಅಂತ ಕರೆದೆ. ತಿರುಗಲೇ ಇಲ್ಲ. ನಿಜವಾದ ಕತ್ತೆ ಆಗಿದ್ರೆ ಕಿವಿಯಾದ್ರೂ ಅಲ್ಲಾಡಿಸ್ತಿತ್ತು.”

ರೆಕಾರ್ಡಿಂಗ್ ಓಡುತ್ತಿತ್ತು, ಅದಕ್ಕೆ ಕೇಳಿಸಿರಲಿಲ್ಲ. ವಿವರಿಸುವಷ್ಟು ಚೈತನ್ಯ ಇರಲಿಲ್ಲ.

“ಏನೂ ಕೇಳಲ್ವಾ?”

“ಏನೂ ಕೇಳಲ್ಲ.”

“ಒಳ್ಳೇದಾಯ್ತು,” ಎಂದಳು. ಮುಖ ಅರಳಿತು. ಇದರಲ್ಲಿ ಇಷ್ಟು ಖುಷಿ ಯಾಕೋ ತಿಳಿಯಲಿಲ್ಲ.

ದಾರದ ಉಪಾಯವೂ ಅವಳದೇ. “ಹಳೇ ಬಸ್ಸಲ್ಲಿ ಗಂಟೆಗೆ ಹಗ್ಗ ಇರ್ತಿತ್ತು. ಒಂದು ಸಲ ಎಳೆದ್ರೆ ನಿಲ್ಸು. ಎರಡು ಸಲ ಎಳೆದ್ರೆ ರೈಟ್, ಹೋಗ್ತಾ ಇರು.” ಒಂದು ತುದಿ ಅವಳ ಮಣಿಕಟ್ಟಿಗೆ, ಇನ್ನೊಂದು ನನ್ನ ಎಡಗಾಲಿನ ಗಂಟಿಗೆ. ಕಟ್ಟುವಾಗ ಅವಳ ಕೈ ಎಷ್ಟು ಸಣ್ಣಗಾಗಿದೆ ನೋಡಿದೆ. ದಾರ ಎರಡು ಸುತ್ತು ಹೆಚ್ಚಾಗಿ ಬಂತು.

ಜೂನ್ 17

ದಿನವಿಡೀ ಎರಡೆರಡು ಎಳೆತ. ರೈಟ್. ರೈಟ್. ಕೆಲಸವಿಲ್ಲದ ಕಂಡಕ್ಟರ್. ಒಂದು ಎಳೆತ ಒಮ್ಮೆಯೂ ಬಂದಿಲ್ಲ. ನೀರು ಬೇಕಿದ್ದರೂ ನಾನಾಗಿ ಎದ್ದಾಗಲೇ ಕೇಳುತ್ತಾಳೆ.

“ಬೇಕಾದ್ರೆ ಒಂದು ಸಲ ಎಳಿ. ಅದಕ್ಕೇ ತಾನೇ ಕಟ್ಟಿರೋದು.”

“ನಡುದಾರೀಲಿ ಬಸ್ ನಿಲ್ಸಿದ್ರೆ ಜನ ಬೈತಾರೆ.”

ಜೂನ್ 21, ಮಧ್ಯಾಹ್ನ

ಒಂದು ಹೇಳಿಕೆ ಮುಗಿದಿತ್ತು. ಇನ್ನೊಂದು ತೆರೆದಿರಲಿಲ್ಲ. ಹೆಡ್‌ಫೋನ್ ಕಿವಿಯಲ್ಲೇ ಇತ್ತು.

ಮಷೀನಿಲ್ಲದ ಆ ಮೌನದಲ್ಲಿ ಒಂದು ಸದ್ದು. ಬೆಕ್ಕು ಎಂದುಕೊಂಡೆ. ಹಲ್ಲು ಕಚ್ಚಿಕೊಂಡು ಬಿಡುವ ಸದ್ದು... ಆಮೇಲೆ ‘ಅಮ್ಮಾ’. ಮತ್ತೆ ‘ಅಮ್ಮಾ’. ಸಣ್ಣಗೆ, ಉದ್ದಕ್ಕೆ.

ಇಷ್ಟು ದಿನ ಗುಂಯ್ ಅನ್ನುವುದರ ಅಡಿಯಲ್ಲಿ ಇದು ಇತ್ತು.

ತಿರುಗಬೇಕು ಎನ್ನುವಷ್ಟರಲ್ಲಿ ದಾರ ಎರಡು ಸಲ ಎಳೆಯಿತು. ರೈಟ್.

ತಿರುಗಲಿಲ್ಲ. ಬೆರಳು ಟೈಪ್ ಮಾಡುತ್ತಿತ್ತು. ಆಮೇಲೆ ನೋಡಿದರೆ ಒಂದೇ ಅಕ್ಷರ, ಪುಟದ ತುಂಬ.

ಜೂನ್ 22

ಇವತ್ತೂ. ಈಗ ತಿಳಿಯಿತು ಆ ಖುಷಿ ಯಾಕೆಂದು. ನನಗೆ ಕೇಳುವುದಿಲ್ಲವೆಂದು ಅವಳು ನರಳುತ್ತಾಳೆ. ನಾನು ಎದ್ದರೆ ನಿಲ್ಲಿಸುತ್ತಾಳೆ. ಮುಖ ಒರೆಸಿಕೊಂಡು, “ಏನೇ, ಟೀ ಟೈಮಾ?” ಎನ್ನುತ್ತಾಳೆ.

ನನ್ನ ಕಿವಿ ಮೇಲೆ ಹೂ ಇಟ್ಟಿದ್ದಾಳೆ. ನಾನೂ ಅವಳ ಕಿವಿ ಮೇಲೆ ಇಟ್ಟಿದ್ದೇನೆ. ಮನೆಯೇ ತೋಟ.

ಅಳು ಬರಲಿಲ್ಲ. ಬರಬೇಕಿತ್ತೇನೋ. ಟೀ ಮಾಡಿದೆ.

ಹೇಳಿದರೆ ವಾರ್ಡು. ಹೇಳದಿದ್ದರೆ ಇದು.

ಜೂನ್ 26

ಹೇಳಿದೆ. ನರ್ಸ್ ಹೊರಟಾಗ ಮೆಟ್ಟಿಲವರೆಗೆ ಹೋಗಿ.

“ಅವರೇ ಹೇಳಿದ್ರಾ?”

“ಇಲ್ಲ. ಕೇಳಿಸ್ತು.”

ಆಕೆ ಕೈಚೀಲ ಕೆಳಗಿಟ್ಟರು. “ನೋಡಮ್ಮ, ನೋವಿಗೆ ಮನೇಲೇ ಕೊಡೋ ಸಿರಪ್ ಇದೆ, ಡಾಕ್ಟರ್ ಬರೆದುಕೊಟ್ರೆ. ಆದ್ರೆ ಅದಕ್ಕೆ ಯಾರಾದ್ರೂ ಪಕ್ಕದಲ್ಲೇ ಕೂತು ನೋಡ್ಕೋಬೇಕು. ಎಷ್ಟು ಕೊಟ್ವಿ, ಉಸಿರು ಹೇಗಿದೆ ಅಂತ. ನಿನ್ನ ಕೆಲಸ ಬಿಟ್ಟು ಆಗತ್ತಾ? ಇಲ್ಲಾಂದ್ರೆ ವಾರ್ಡೇ ವಾಸಿ.”

ಅತ್ತ ದರಿ ಇತ್ತ ಪುಲಿ. ಆಕೆ ಮತ್ತೆ ಒಳಗೆ ಹೋಗಿ ಅಕ್ಕನ ಪಕ್ಕೆ ಮುಟ್ಟಿ ನೋಡಿದರು. ಅಕ್ಕ ಅವರನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ಹೆಡ್‌ಫೋನ್ ನೋಡಿದಳು. ಆಮೇಲೆ ನನ್ನನ್ನು. ಟಿಕೆಟ್ ತೆಗೆದುಕೊಳ್ಳದವರನ್ನು ನೋಡುತ್ತಿದ್ದಳಲ್ಲ, ಆ ನೋಟ.

ಜೂನ್ 28

ಮಾತಿಲ್ಲ. ದಾರವೂ ಇಲ್ಲ, ಬಿಚ್ಚಿ ದಿಂಬಿನ ಕೆಳಗೆ ಇಟ್ಟಿದ್ದಾಳೆ.

ಡಾಕ್ಟರ್ ಫೋನ್: ಸೋಮವಾರ ವಾರ್ಡಿನಲ್ಲಿ ಒಂದು ಹಾಸಿಗೆ ಖಾಲಿಯಾಗುತ್ತದೆ, ಕರೆದುಕೊಂಡು ಬನ್ನಿ. ಆಯ್ತು ಎಂದೆ. ಯಾರೋ ಹೇಳಿದ ಹಾಗೆ ಕೇಳಿಸಿತು.

ಮೇಲ್ವಿಚಾರಕಿಯ ಮೆಸೇಜ್: ‘ಈ ವಾರ ಒಂದೂ ಅಸ್ಪಷ್ಟ ಇಲ್ಲ. ಭೇಷ್! ಮುಂದಿನ ತಿಂಗಳಿಂದ ಹೆಚ್ಚು ಕೆಲಸ ಕೊಡ್ತೀನಿ.’

ಭಾನುವಾರ, ಬೆಳಿಗ್ಗೆ

ಅಕ್ಕನ ಬಟ್ಟೆ ಚೀಲಕ್ಕೆ ತುಂಬಿದೆ. ಅವಳು ಗೋಡೆ ನೋಡುತ್ತಾ ಮಲಗಿದ್ದಳು. ತಾನೇ ಕೈ ಮುಂದೆ ಮಾಡಿದಳು. ದಾರ ಕಟ್ಟಿದೆ.

ಭಾನುವಾರ, ಮಧ್ಯಾಹ್ನ

ಹೆಡ್‌ಫೋನ್ ಹಾಕಿ ಕೂತಿದ್ದೇನೆ. ಏನೂ ಓಡುತ್ತಿಲ್ಲ. ಇದನ್ನೇ ಟೈಪ್ ಮಾಡುತ್ತಿದ್ದೇನೆ, ಕೆಲಸದ ಹಾಗೆ ಕಾಣಲಿ ಎಂದು.

ಈಗಷ್ಟೇ ಹಿಂದಿನಿಂದ: “ಕೇಳಿಸ್ತಿದೆ ಅಲ್ವಾ ನಿಂಗೆ.”

ಕೈ ನಿಲ್ಲಿಸಲಿಲ್ಲ.

“ಕೇಳಿಸ್ತಿದ್ರೂ ತಿರುಗ್ಬೇಡ. ನಿನ್ನ ಮುಖ ನೋಡಿದ್ರೆ ನಂಗೆ ಹೇಳಕ್ಕಾಗಲ್ಲ.”

ಟೈಪ್ ಮಾಡುತ್ತಿದ್ದೇನೆ. ಅವಳು ಹೇಳಿದ್ದು: ಅಸ್ಪಷ್ಟ.

ಅಲ್ಲ. ಸ್ಪಷ್ಟವಾಗಿದೆ. ಒಂದೊಂದು ಅಕ್ಷರವೂ.

“ಆ ವಾರ್ಡಲ್ಲಿ ಯಾರೂ ಬೆನ್ನು ಹಾಕಿ ಕೂರಲ್ಲ ಕಣೇ. ಎಲ್ರೂ ಮುಖಾನೇ ನೋಡ್ತಿರ್ತಾರೆ. ಅಳೋಕೂ ಜಾಗ ಇಲ್ಲ. ನೀನು ಹೀಗೆ ಬೆನ್ನು ಹಾಕಿ ಟಕಟಕ ಅಂತಿದ್ರೆ... ಮುಂದಿನ ಸೀಟಲ್ಲಿ ಡ್ರೈವರ್ ಇದ್ದ ಹಾಗೆ. ಧೈರ್ಯ. ನೋವಾದ್ರೆ ಹಲ್ಲು ಕಚ್ಕೋತೀನಿ. ಹೆದರಿಕೆ ಆಗತ್ತಲ್ಲ, ಅದಕ್ಕೇನು ಮಾಡ್ಲಿ?”

ಉಸಿರು ತೆಗೆದುಕೊಂಡಳು. ಅದೂ ಕೇಳಿಸುತ್ತದೆ.

“ಹೆದರಿಕೆ ಆಗ್ತಿದೆ ಕಣೇ.”

ಅಕ್ಷರ ಮಸುಕಾಗುತ್ತಿದೆ. ಅಳು ಇರಬೇಕು. ಎಷ್ಟು ದಿನವಾಯಿತು.

ಎರಡು ಎಳೆತ. ರೈಟ್, ಹೋಗು ಎಂದು. ಇಷ್ಟೆಲ್ಲ ಹೇಳಿಯೂ.

ನರ್ಸಿಗೆ ಮೆಸೇಜ್ ಹಾಕಿದೆ: ‘ಸೋಮವಾರ ವಾರ್ಡಿಗೆ ಬರುವುದಿಲ್ಲ. ಸಿರಪ್ ಬರೆಸಿಕೊಡಿ. ಪಕ್ಕದಲ್ಲಿ ನಾನು ಕೂರುತ್ತೇನೆ.’ ಕೆಲಸದ ಮಾತು ನಾಳೆ. ಮೇಲ್ವಿಚಾರಕಿಗೆ ಏನು ಹೇಳಲಿ, ಗೊತ್ತಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ. ತಿರುಗಬೇಡ ಎಂದಿದ್ದಾಳೆ. ಅವಳಾಗಿ ಕರೆಯಲಿ ಎಂದು ಹೀಗೇ ಟೈಪ್ ಮಾಡುತ್ತಾ

ದಾರ ಎಳೆಯಿತು. ಒಂದು.

ಎರಡನೆಯದಕ್ಕೆ ಕಾದೆ. ಬಂದಿಲ್ಲ. ಒಂದೇ. ನಿಲ್ಸು ಅಂತ