ಒಂದು ಡಬ್ಬಿ, ಮೂರು ಬಂದೂಕು, ನಿಮ್ಮ ಫಾರಂನ ಒಂದೇ ಚೌಕ

ಬಂದೂಕಿನ ಸದ್ದಡಗಿಸುವ ಸಾಧನಗಳಿಗೆ ಅನುಮತಿ ಕೊಡುವ ಕಚೇರಿಯ ಮೇಲಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು, ಹೊಡೆದು ಹಾಕಿದ್ದೇನೆ. ನೀವು ನನ್ನನ್ನು ಮೂರು ಸಲ ಅನುಮಾನಿಸಿದ್ದೀರಿ. ಮರ್ಯಾದೆ ಕೊಡುವ ಮುಂಚೆ ನಾನೂ ಒಂದು ಸಲ ಅನುಮಾನಿಸುವುದು ನ್ಯಾಯವಲ್ಲವೇ? ನನ್ನ ದೂರು ಇಷ್ಟೇ. ಮನೆಯಲ್ಲಿರುವ ನನ್ನ ಮೂರು ಬಂದೂಕುಗಳಿಗೂ ಆಗುವಂಥ ಒಂದೇ ಒಂದು ಕೊಳವೆಗೆ ಅನುಮತಿ ಕೇಳಿದೆ. ನಿಜ ಬರೆದಿದ್ದಕ್ಕೆ ಅರ್ಜಿ ವಾಪಸು ಬಂತು. ನೀವು ಹೇಳಿದ ಹಾಗೆ ತಿದ್ದಿ ಬರೆದಿದ್ದಕ್ಕೆ ಮತ್ತೆ ವಾಪಸು ಬಂತು. ಈಗ ನನ್ನ ಬಳಿ ಇಲ್ಲದ ಮುಚ್ಚಳವೊಂದರ ವಿವರ ಕೇಳಿ ಮೂರನೆಯ ಕಾಗದ ಬಂದಿದೆ. ಈ ನಡುವೆ ನನ್ನ ಕಿವಿ ಹೋಗುತ್ತಿದೆ.

ಹೋದರೆ ಹೋಗಲಿ ಬಿಡಿ ಎನ್ನಲು ನಾನು ನಿಮ್ಮ ಹಾಗೆ ಕಾಗದ ನೋಡಿ ಬದುಕುವವಳಲ್ಲ. ಮೊಂಟಾನಾ ರಾಜ್ಯದ ಈ ಬಯಲಿನಲ್ಲಿ ಮೂವತ್ತೊಂದು ವರ್ಷದಿಂದ ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತಿದ್ದೇನೆ. ಚರ್ಚು, ಶಾಲೆ, ಮುದುಕಿಯರ ಮನೆ, ಎಲ್ಲವೂ ನನ್ನ ಕೈಯಲ್ಲೇ. ಪಿಯಾನೋದಲ್ಲಿ ಒಂದು ಸ್ವರಕ್ಕೆ ಮೂರು ತಂತಿ ಇರುತ್ತವೆ. ಮೂರೂ ಒಂದೇ ಎಂದು ಹೇಳುತ್ತವೆ, ಒಂದಾದರೂ ಸುಳ್ಳು ಹೇಳುತ್ತಿರುತ್ತದೆ. ಅದನ್ನು ಹಿಡಿಯುವುದೇ ನನ್ನ ಕೆಲಸ. ಹಾಗಾಗಿ ಅನುಮಾನ ನನಗೆ ಕಸುಬಿನಿಂದ ಬಂದದ್ದು. ನಿಮಗೆ ಎಲ್ಲಿಂದ ಬಂತು?

ಎಡಗಿವಿ ಆಗಲೇ ಹೋಗಿದೆ. ಹದಿನಾಲ್ಕನೆಯ ವಯಸ್ಸಿನಿಂದ ಅಪ್ಪನ ಬಂದೂಕು ಹಿಡಿದವಳು ನಾನು. ಚಳಿಗಾಲದ ಮಾಂಸ ನಮಗೆ ಅಂಗಡಿಯಿಂದ ಬರುವುದಿಲ್ಲ, ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಯಿಂದ ಬರುತ್ತದೆ. ಕಿವಿಗೆ ಬಿರಟೆ ಹಾಕಿಕೊಳ್ಳಬಾರದೇ ಎಂದು ಕೇಳುತ್ತೀರಿ. ಹಾಕಿಕೊಂಡರೆ ಪೈನ್ ಮರಗಳ ಹಿಂದೆ ಎಲ್ಕ್ ಕಡ್ಡಿ ಮುರಿದದ್ದು ಕೇಳಿಸುವುದಿಲ್ಲ. ತೆಗೆದರೆ ಗುಂಡಿನ ಸದ್ದು ನೇರ ತಲೆಯೊಳಗೆ ನುಗ್ಗುತ್ತದೆ. ಕಿವಿ ಡಾಕ್ಟರು ಕಳೆದ ವಸಂತದಲ್ಲಿ ಖಡಾಖಂಡಿತವಾಗಿ ಹೇಳಿದರು: “ಬಲಗಿವಿ ಉಳಿಸ್ಕೋಬೇಕಾದ್ರೆ ಒಂದೋ ಬೇಟೆ ಬಿಡಿ, ಇಲ್ಲಾ ಬಂದೂಕಿನ ಬಾಯಿ ಮುಚ್ಚಿಸಿ.”

ನಿಮ್ಮ ಕಾನೂನಿನಲ್ಲಿ ಇದರ ಹೆಸರು ಸೈಲೆನ್ಸರ್. ನಮ್ಮೂರಲ್ಲಿ ಡಬ್ಬಿ ಅನ್ನುತ್ತಾರೆ. ಎರಡರಲ್ಲಿ ಯಾವುದು ಪ್ರಾಮಾಣಿಕ ಹೆಸರು ಎಂದು ನೀವೇ ಯೋಚಿಸಿ. ನಿಮ್ಮ ಪರಿಶೀಲಕರು ಸಿನಿಮಾ ನೋಡಿಯೇ ಈ ಕೆಲಸ ಕಲಿತಿದ್ದಾರೆಂಬ ಗುಮಾನಿ ನನಗಿದೆ. ಅಲ್ಲಿ ಕೋಟು ಹಾಕಿದವನು ‘ಫುಸ್’ ಎನಿಸಿದರೆ ಪಕ್ಕದ ಕೋಣೆಯವನಿಗೂ ಎಚ್ಚರವಾಗುವುದಿಲ್ಲ. ಇಲ್ಲಿ ಡಬ್ಬಿ ಹಾಕಿ ಹೊಡೆದರೂ ಅರ್ಧ ಮೈಲಿ ಆಚೆಯ ದನ ತಲೆಯೆತ್ತಿ ನೋಡುತ್ತದೆ. ಕಿವಿ ಹರಿದುಹೋಗುವುದಿಲ್ಲ, ಅಷ್ಟೇ ಲಾಭ.

ಆರಿಸುವಾಗಲೂ ನಾನು ಯಾರನ್ನೂ ನಂಬಲಿಲ್ಲ. ನನ್ನ ಬಳಿ ಇರುವುದು ಅಪ್ಪನ 308, ಬಯಲಲ್ಲಿ ಜಿಂಕೆಗೆ 270, ಕರು ಹಾಕುವ ಕಾಲಕ್ಕೆ ಕೊಯೋಟೆ ನರಿ ಬಂದರೆ 223. ಈ ಅಂಕಿ ಗುಂಡಿನ ದಪ್ಪ, ಅಂಕಿ ದೊಡ್ಡದಾದಷ್ಟು ಗುಂಡು ದಪ್ಪ. ಬಂದೂಕಿನ ಅಂಗಡಿಯ ರಾಯ್ಸ್ ಬೆಲ್ಕೂರ್ ನೇರವಾಗಿ ದೊಡ್ಡ ತೂತಿನ ಡಬ್ಬಿಯನ್ನೇ ಎತ್ತಿ ಮುಂದಿಟ್ಟ. ದುಬಾರಿಯದನ್ನು ದಾಟಿಸುತ್ತಿದ್ದಾನೆ ಅಂದುಕೊಂಡೆ.

“ಸಣ್ಣದು ಯಾಕ್ ಬೇಡ?” ಅಂದೆ.

“ಸಣ್ಣ ತೂತಲ್ಲಿ ದಪ್ಪ ಗುಂಡು ತೂರ್ಸಿದ್ರೆ ಡಬ್ಬಿನೂ ಹೋಯ್ತು, ನಿನ್ ಮೂತಿನೂ ಹೋಯ್ತು ಮಾರಾಯ್ತಿ. ದೊಡ್ಡ ತೂತಲ್ಲಿ ಸಣ್ಣ ಗುಂಡು ಆರಾಮಾಗಿ ಹೋಗತ್ತೆ. ಸದ್ದು ಒಂಚೂರು ಜಾಸ್ತಿ, ಅಷ್ಟೇ.”

“ಮತ್ತೆ ಮೂರಕ್ಕೂ ಕೂರತ್ತಾ?”

“ನಳಿಗೆ ತುದೀಲಿರೋ ತಿರುಪಿನ ಸುತ್ತು ಬೇರೆ ಬೇರೆ ಇವೆ. 223ಕ್ಕೆ ಬೇರೆ ಬಳೆ ಹಾಕ್ಬೇಕು. ನಿಮ್ಮಪ್ಪನ ಬಂದೂಕಿಗೆ ತಿರುಪೇ ಇಲ್ಲ, ಕೊಯ್ಸ್ಬೇಕು. ಹಗುರದ್ದೇ ತಗೋ, ಗುಡ್ಡ ಹತ್ತೋಳು ನೀನು, ನಳಿಗೆ ತುದೀಲಿ ಭಾರ ಕಟ್ಕೊಂಡು ಒದ್ದಾಡ್ಬೇಡ. ಅಲ್ಲಾ, ನನ್ ಮೇಲೂ ಡೌಟಾ ನಿಂಗೆ?”

“ನಿನ್ ಮೇಲೆ ಅಲ್ದೆ ಇನ್ಯಾರ ಮೇಲೆ ಪಡ್ಲಿ?”

ಮನೆಗೆ ಬಂದು ಕ್ಯಾಲಿಪರ್ ಹಿಡಿದು ಮೂರೂ ಗುಂಡು ಅಳೆದೆ. ಇನ್ನಿಬ್ಬರು ಅಂಗಡಿಯವರಿಗೆ ಫೋನ್ ಮಾಡಿ ಅಡ್ಡಪ್ರಶ್ನೆ ಕೇಳಿದೆ. ರಾಯ್ಸ್ ಹೇಳಿದ್ದು ಸರಿಯಿತ್ತು. ದುಡ್ಡು ಕಟ್ಟಿದೆ. ನಿಮ್ಮ ಅನುಮತಿಗೆಂದು ಬೆರಳಚ್ಚು ಕೊಟ್ಟೆ, ಫೋಟೋ ಕೊಟ್ಟೆ. ಆಮೇಲೆ ನಿಮ್ಮ ಫಾರಂನಲ್ಲಿ ‘ಕ್ಯಾಲಿಬರ್’, ಅಂದರೆ ಗುಂಡಿನ ದಪ್ಪ, ಎಂಬ ಚೌಕ ಕಂಡಿತು. ಯಾವುದಕ್ಕೆ ಬಳಸುತ್ತೇನೆ ಎಂದು ಕೇಳುತ್ತಿದ್ದೀರಿ ಅಂದುಕೊಂಡು, ಸೂಜಿಯಂಥ ಅಕ್ಷರದಲ್ಲಿ 308, 270, 223 ಎಂದು ಮೂರನ್ನೂ ತುರುಕಿದೆ. ಅದೇ ನನ್ನ ಅಪರಾಧ.

‘ಒಂದು ಸಾಧನಕ್ಕೆ ಒಂದೇ ಕ್ಯಾಲಿಬರ್. ಅರ್ಜಿದಾರರು ಮೂರು ಸಾಧನ ಹೊಂದುವ ಉದ್ದೇಶ ಹೊಂದಿರುವರೇ?’ ಎಂದು ಬರೆದು ವಾಪಸು ಕಳಿಸಿದಿರಿ. ಸರಿ, ಡಬ್ಬಿಯ ಮೇಲೆ ಕೆತ್ತಿದ್ದ 30 ಎಂಬ ಅಂಕಿಯನ್ನಷ್ಟೇ (308ರ ದಪ್ಪವನ್ನೇ ಚಿಕ್ಕದಾಗಿ ಹಾಗೆ ಕೆತ್ತುತ್ತಾರೆ) ಬರೆದು ಕಳಿಸಿದೆ. ‘ಹಿಂದಿನ ಹೇಳಿಕೆಗೂ ಇದಕ್ಕೂ ತಾಳೆಯಾಗುತ್ತಿಲ್ಲ’ ಅಂದಿರಿ. ಆಮೇಲೆ ನಿಮ್ಮವರೊಬ್ಬರು ಫೋನ್ ಮಾಡಿದರು.

“ಮೇಡಂ, ಆಗ ಮೂರು ಬರೆದಿದ್ರಿ, ಈಗ ಒಂದೇ ಬರೆದಿದೀರಿ. ಯಾವುದು ನಿಜ?”

“ಎರಡೂ ನಿಜ ಸ್ವಾಮಿ.”

“ಎರಡೂ ಹೇಗೆ ನಿಜ ಆಗತ್ತೆ?”

“ನಿಮ್ಮನೇಲಿ ದೊಡ್ಡ ಮುಚ್ಚಳ ಸಣ್ಣ ಪಾತ್ರೆಗೂ ಮುಚ್ಚಲ್ವಾ? ಹಂಗೇ.”

ಆ ಕಡೆ ಟಕಟಕ ಟೈಪ್ ಮಾಡುವ ಸದ್ದು. “ಮುಚ್ಚಳ ಅಂದ್ರಲ್ಲ, ಅದೂ ಬಂದೂಕಿಗೆ ಹಾಕೋದಾ?”

ನಾನು ನಕ್ಕೆ. ತಪ್ಪು ಮಾಡಿದೆ. ಎರಡು ವಾರಕ್ಕೆ ಕಾಗದ ಬಂತು: ‘ದೂರವಾಣಿಯಲ್ಲಿ ತಾವು ಪ್ರಸ್ತಾಪಿಸಿದ ಮುಚ್ಚಳದ ತಯಾರಕರು, ಅಳತೆ ಹಾಗೂ ಕ್ರಮಸಂಖ್ಯೆಯನ್ನು ಸಲ್ಲಿಸತಕ್ಕದ್ದು.’

ಅಯ್ಯೋ ದೇವರೇ! ನನ್ನ ಡಬ್ಬಿ ಈಗಲೂ ರಾಯ್ಸ್‌ನ ಅಂಗಡಿಯ ಬೀಗ ಹಾಕಿದ ಕಪಾಟಿನಲ್ಲಿದೆ. ನನ್ನದೇ ವಸ್ತು, ನನ್ನ ಹೆಸರಿನ ಚೀಟಿ. ಅಂಗಡಿಯೊಳಗೆ ಮುಟ್ಟಿ ನೋಡಬಹುದು, ಮನೆಗೆ ತರುವಂತಿಲ್ಲ. ಬಾಗಿಲು ತೆರೆದರೆ ಸಾಕು, ರಾಯ್ಸ್ ಅಂಗಡಿ ತುಂಬ ಕೇಳುವ ಹಾಗೆ ಕೂಗುತ್ತಾನೆ: “ಬಂದ್ಲಪ್ಪಾ, ಜೈಲಲ್ಲಿರೋ ಗಂಡನ್ನ ನೋಡೋಕೆ! ಐದೇ ನಿಮಿಷ, ಮುದ್ದು ಗಿದ್ದು ಮಾಡಂಗಿಲ್ಲ!” ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಇಷ್ಟು ದಿನ ಒಳಗಿಡಲು ಪಾಪದ ಡಬ್ಬಿ ಮಾಡಿದ್ದಾದರೂ ಏನು?

ನವೆಂಬರ್ ನಿಮ್ಮ ಕಾಗದಕ್ಕೆ ಕಾಯಲಿಲ್ಲ. ಬೇಟೆಯ ಕಡೆಯ ವಾರ ಅಪ್ಪನ 308 ಹಿಡಿದು ಬರಿಗಿವಿಯಲ್ಲಿ ಹೋದೆ. ಒಂದೇ ಗುಂಡು. ಎಲ್ಕ್ ಬಿತ್ತು. ಬಲಗಿವಿಯಲ್ಲಿ ಒಂದು ಕೀರಲು ಶುರುವಾಯಿತು. ಸಂಜೆಗೆ ನಿಲ್ಲುತ್ತದೆ ಎಂದಿದ್ದೆ. ಇವತ್ತಿಗೂ ನಿಂತಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಚರ್ಚಿನ ಪಿಯಾನೋಗೆ ಶ್ರುತಿ ಕೂಡಿಸಿ ಬಂದೆ. ಮರುದಿನ ಆರ್ಡಿಸ್ ಕರೆಸಿದಳು. ಎಂಬತ್ತನಾಲ್ಕು ವರ್ಷದ ಆರ್ಡಿಸ್ ಅಲ್ಲಿ ಪ್ರತಿ ಭಾನುವಾರ ನುಡಿಸುವವಳು. ನನಗೆ ಮೊದಲ ಗಿರಾಕಿ ಅವಳೇ.

“ಬೇಜಾರ್ ಮಾಡ್ಕೋಬೇಡ ಮಗಳೇ, ಮೇಲಿನ ಸ್ವರಗಳು ಯಾಕೋ ಹುಳಿ ಬಂದಿವೆ, ಅಪಸ್ವರ ಕಣೇ.”

“ಸಾಧ್ಯನೇ ಇಲ್ಲ, ನುಡ್ಸು ನೋಡೋಣ.”

ನುಡಿಸಿದಳು. ನನಗೆ ಸರಿಯಾಗಿಯೇ ಕೇಳಿಸಿತು. ಇನ್ನೊಮ್ಮೆ ನುಡಿಸಿದಳು. ಆಗಲೂ ಸರಿಯಾಗಿಯೇ ಕೇಳಿಸಿತು. ಚೀಲದಿಂದ ಶ್ರುತಿಯ ಕೀಲಿ ತೆಗೆದೆ. ಯಾಕೆಂದರೆ ಆರ್ಡಿಸ್ ಸುಳ್ಳು ಹೇಳುವವಳಲ್ಲ. ಅವಳು ಪಕ್ಕದಲ್ಲೇ ಕೂತಳು, ನಾನು ಕೀಲಿ ತಿರುಗಿಸಿದೆ. “ಏರ್ಸು... ಇನ್ನೊಂಚೂರು... ಹಾಂ, ಸಾಕು” ಎಂದು ಒಂದೊಂದು ತಂತಿಗೂ ಅವಳೇ ಹೇಳಿದಳು. ಮುಗಿದ ಮೇಲೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ನಾನೇ ಈಗ ನಿಮ್ಮ ಕಚೇರಿಗೆಲ್ಲ ಹೇಳುತ್ತಿದ್ದೇನೆ. ಮೂವತ್ತೊಂದು ವರ್ಷ ಎಲ್ಲರನ್ನೂ ಅನುಮಾನಿಸಿ, ಈ ಒಂದು ಕಿವಿಯನ್ನು ಮಾತ್ರ ನಂಬಿದ್ದೆ.

ಆದ್ದರಿಂದ ನನ್ನ ಬೇಡಿಕೆ. ಮುಂದಿನ ಬೇಟೆಗಾಲ ಬರುವ ಮುಂಚೆ ನನ್ನ ಡಬ್ಬಿಯನ್ನು ಬಿಡುಗಡೆ ಮಾಡಿ. ಆ ಚೌಕದ ಪಕ್ಕದಲ್ಲಿ ‘ಡಬ್ಬಿಯ ಮೇಲೆ ಕೆತ್ತಿದ ಅಂಕಿಯನ್ನು ಬರೆಯಿರಿ’ ಎಂದು ಒಂದು ಸಾಲು ಅಚ್ಚು ಹಾಕಿಸಿ, ಇನ್ನೊಬ್ಬರ ಕಿವಿಯಾದರೂ ಉಳಿಯಲಿ. ನೀವು ಕೇಳಿದ ಮುಚ್ಚಳವನ್ನು ಅಂಚೆಯಲ್ಲಿ ಬೇರೆಯಾಗಿ ಕಳಿಸಿದ್ದೇನೆ. ಅಲ್ಯೂಮಿನಿಯಂನದು, ಅಡ್ಡಳತೆ ಹತ್ತು ಇಂಚು, ಕ್ರಮಸಂಖ್ಯೆ ಇಲ್ಲ, ಹಿಡಿ ಸ್ವಲ್ಪ ಅಲ್ಲಾಡುತ್ತದೆ. ಪರಿಶೀಲಿಸಿ ವಾಪಸು ಕಳಿಸಿ, ಎಲ್ಕ್ ಮಾಂಸ ಬೇಯಿಸುವ ಪಾತ್ರೆಯದು.

ಉತ್ತರವನ್ನು ಕಾಗದದಲ್ಲೇ ಬರೆಯಿರಿ. ಫೋನ್ ಮಾಡಬೇಡಿ. ನಿಮ್ಮವರು ಹೋದ ವಾರ ಎರಡು ಸಲ ಮಾಡಿದ್ದರೆಂದು ಆಮೇಲೆ ಫೋನಿನ ಪರದೆ ನೋಡಿ ತಿಳಿಯಿತು. ಅದು ರಿಂಗಾದಾಗ ನಾನು ಅದೇ ಕೋಣೆಯಲ್ಲಿದ್ದೆ.

ಇಂತಿ,
ಇನ್ನೂ ಒಂದು ಕಿವಿಯಿದೆ ಎಂದುಕೊಂಡಿರುವ
ವೆರ್ಲಾ ಸ್ಕಾರ್
ಪಿಯಾನೋ ಶ್ರುತಿಗಾರ್ತಿ (ಸದ್ಯಕ್ಕೆ ಆರ್ಡಿಸ್ ಜೊತೆಗಿದ್ದರೆ ಮಾತ್ರ)