ಹನ್ನೆರಡಕ್ಕೆ ಬಗ್ಗದ ಗುಂಡಿಗಳು

ಹದಿನೇಳನೇ ತಾರೀಖು, ಶುಕ್ರವಾರ

ಪ್ರೀತಿಯ ಅಕ್ಕಾ,

ಬೆರಳೆಲ್ಲಾ ಸೂಜಿ ಚುಚ್ಚಿ ಉರೀತಿದೆ, ಅದಕ್ಕೇ ಬಾಯಲ್ಲಿ ಹೇಳ್ತಿದ್ದೀನಿ, ಫೋನು ಬರ್ಕೊಳ್ತಿದೆ. ತಪ್ಪಿದ್ರೆ ಅದರ ಕಿವಿ ಹಿಂಡು.

ಇವತ್ತು ನೀನು ತಲೆಗೆ ಮೊಟಕಿ ಕಲಿಸಿದ ಲೆಕ್ಕ ಒಬ್ಬರ ಕೆಲಸ ಉಳಿಸ್ತು ಕಣೇ!

ನಮ್ಮ ಗುಂಡಿ ಕಾರ್ಖಾನೆಗೆ ದೊಡ್ಡ ಆರ್ಡರ್ ಬಂದಿತ್ತು. ಇಪ್ಪತ್ತಮೂರು ಸಾವಿರದ ಇಪ್ಪತ್ತಮೂರು ನಿಲುವಂಗಿ, ಒಂದೊಂದಕ್ಕೆ ಹದಿನಾರು ಗುಂಡಿ. ಒಟ್ಟು 368368. ಮೆಷಿನ್ನು ಎಣಿಸಿ ಸುರಿಯುತ್ತೆ, ನಾವು ಒಂದೊಂದು ರಟ್ಟಿನ ತುಂಡಿಗೆ ಹನ್ನೆರಡರಂತೆ ಹೊಲೀತೀವಿ. ಒಂದು ಗುಂಡಿ ಕಳೆದ್ರೂ ಕೊನೇ ಮೇಜಿನವರು ಮನೆಗೆ. ಕೊನೇ ಮೇಜು ದೊಡ್ಡಮ್ಮಂದು. ಅಮ್ಮನ ವಯಸ್ಸಿನವರು, ಎಲ್ಲರೂ ಹಾಗೇ ಕರೆಯೋದು. ಅವರ ಕೊನೇ ರಟ್ಟಿಗೆ ಸಿಕ್ಕಿದ್ದು ಮೂರೇ ಗುಂಡಿ.

ಮೇಸ್ತ್ರಿ ಕೂಗಾಡಿದ. ಒಟ್ಟು ಗುಂಡೀನೂ ಸಮಸಂಖ್ಯೆ, ಹನ್ನೆರಡೂ ಸಮಸಂಖ್ಯೆ, ಸರಿಯಾಗಿ ಹೋಗ್ಲೇಬೇಕು, ಒಂಬತ್ತು ಗುಂಡಿ ಎಲ್ಲಿ ನುಂಗಿದೆ ಅಂತ. ಗುಂಡಿ ತಿಂದು ಹೊಟ್ಟೆ ತುಂಬೋದಾಗಿದ್ರೆ ಊಟದ ಡಬ್ಬಿ ಯಾಕಪ್ಪಾ ಹೊರ್ತಿದ್ದೆ ಅಂದ್ರು ದೊಡ್ಡಮ್ಮ.

ನಾನು ಎದ್ದು ನಿಂತೆ. ಸ್ವಾಮಿ, ಈ ಸಂಖ್ಯೆ ಅವಳಿ ಜವಳಿ, ಮುನ್ನೂರ ಅರವತ್ತೆಂಟು ಎರಡು ಸಲ ನಿಂತಿದೆ, ಅಂದ್ರೆ ಸಾವಿರದ ಒಂದರಿಂದ ಗುಣಿಸಿದ ಹಾಗೆ. ಸಾವಿರದ ಒಂದು ಅಂದ್ರೆ ಏಳು, ಹನ್ನೊಂದು, ಹದಿಮೂರರ ಗುಣಲಬ್ಧ. ಅದಕ್ಕೇ ಏನೂ ಉಳಿಯದೆ ಏಳಕ್ಕೆ ಬಗ್ಗುತ್ತೆ, ಹನ್ನೊಂದಕ್ಕೆ ಬಗ್ಗುತ್ತೆ, ಹದಿಮೂರಕ್ಕೂ ಬಗ್ಗುತ್ತೆ. ಹನ್ನೆರಡಕ್ಕೆ ಮಾತ್ರ ಜಪ್ಪಯ್ಯ ಅಂದ್ರೂ ಬಗ್ಗಲ್ಲ ಅಂದೆ. ಅಂಕಿಗಳನ್ನ ಕೂಡಿದ್ರೆ ಮೂವತ್ತನಾಲ್ಕು, ಮೂರರ ಮಗ್ಗೀಲಿ ಅದಿಲ್ಲ. ಮೂರಕ್ಕೇ ಹೋಗದ್ದು ಹನ್ನೆರಡಕ್ಕೆ ಹೆಂಗ್ ಹೋಗುತ್ತೆ?

ದೊಡ್ಡ ಪಂಡಿತ ಬಂದ ಅಂತ ಮೇಸ್ತ್ರಿ ಮೂತಿ ತಿರುವಿದ. ಆದ್ರೂ ಫೋನಲ್ಲಿ ಹದಿಮೂರರಿಂದ ಭಾಗಿಸಿ ನೋಡ್ದ. ಚೊಕ್ಕವಾಗಿ ಹೋಯ್ತು. ಹನ್ನೆರಡರಿಂದ ಭಾಗಿಸ್ದ. 30697 ಬಂತು, ಪಾಯಿಂಟ್ ಆದ್ಮೇಲೆ ಸಾಲಾಗಿ ಮೂರು, ಮೂರು, ಮೂರು. ಓಹೋ, ಮೂರೇ ಉಳೀಬೇಕಿತ್ತು, ಮೂರೇ ಇದೆ ಅಂತ ತಲೆ ಕೆರ್ಕೊಂಡ. ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ ದೊಡ್ಡಮ್ಮಾ ಅಂತ ಹೊರಟೇಬಿಟ್ಟ. ಅಲ್ಲಿದ್ದೋರೆಲ್ಲಾ ನನ್ನ ಬೆನ್ನು ತಟ್ಟಿದ್ರು. ನಾನು ಕೋಟಿನ ತೋಳು ಒಳಗೆ ಮಡಚಿ ಸೂಜಿ ಪೋಣಿಸ್ದೆ.

ಇಲ್ಲಿ ನಾನು ಗಟ್ಟಿಯಾಗಿದ್ದೀನಿ, ಅಮ್ಮಂಗೂ ಹೇಳು.

ನಿನ್ನ ತಲೆಹರಟೆ ತಮ್ಮ

ತಾ.ಕ.: ನೀನು ಇಷ್ಟೊತ್ತಿಗೆ ಹಿಡಿದಿರ್ತೀಯ. ಪಾಯಿಂಟ್ ಮೂರು ಮೂರು ಅಂದ್ರೆ ಮೂರು ಉಳೀತು ಅಂತಲ್ಲ, ರಟ್ಟಿನ ಮೂರನೇ ಒಂದು ಪಾಲು ಅಂತ. ಹನ್ನೆರಡರ ಮೂರನೇ ಪಾಲು ನಾಲ್ಕು. ಒಂದು ಕಮ್ಮಿ. ಅದು ನನ್ನ ಕೋಟಿನ ತೋಳಲ್ಲಿತ್ತು, ಮೊನ್ನೆ ಹಳೇ ಗುಂಡಿ ಬಿದ್ದುಹೋಗಿತ್ತು, ಯಾರಿಗೆ ಗೊತ್ತಾಗುತ್ತೆ ಅಂತ ಆರ್ಡರಿನ ಒಂದನ್ನ ತಗೊಂಡು ಹೊಲ್ಕೊಂಡಿದ್ದೆ. ಗೇಟಿನ ಹತ್ರ ದೊಡ್ಡಮ್ಮಂಗೆ ತೋಳು ತೋರಿಸ್ದೆ. ಕದ್ದಿದ್ದಲ್ದೆ ಇಂಥ ಕೆಟ್ಟ ಹೊಲಿಗೆ ಬೇರೆ ಹಾಕ್ಕೊಂಡಿದ್ದೀಯೇನೋ ಅಂತ ಹಲ್ಲಲ್ಲೇ ದಾರ ಕಡಿದು, ಗುಂಡಿ ನನ್ನ ಅಂಗೈಲಿಟ್ರು. ನಾಳೆ ಮೇಸ್ತ್ರಿಗೆ ನೀನು ಕೊಡ್ತೀಯಾ, ನಾನು ಕೊಡ್ಲಾ ಅಂತ ಕೇಳಿದ್ರು. ನಾನೇ ಅಂದೆ.