ಅಂಕಪಟ್ಟಿಯ ಆರನೇ ಸಾಲು

ಅನುವಾದ ಕಚೇರಿ, ಎರಡನೇ ಮಹಡಿ
ಮಾರ್ಚ್ ೧೧, ಮಂಗಳವಾರ

ನನ್ನ ಪ್ರೀತಿಯ ಚಿನಕುರುಳಿ,

ಹೇಗಿದ್ದೀಯ? ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ನಿನ್ನ ಕಾಲು ಊದಿಕೊಳ್ಳುತ್ತದೆ ಎಂದು ಅತ್ತೆ ಹೇಳಿದರು. ನಿನ್ನ ವಿಳಾಸ ಕೊಟ್ಟದ್ದೂ ಅವರೇ, ಬೈಯಬೇಡ. ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ಅಕ್ಕ ಹೇಳಿದಳೆಂಬ ಕಾರಣಕ್ಕೆ ಬಿಟ್ಟುಬಿಡಬೇಡ. ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ, ಕನ್ನಡಕದ ನಂಬರು ಏರಿದೆ ಅಷ್ಟೆ. ಜೊತೆಯವರೆಲ್ಲ ಈಗ ಮನೆಯಿಂದಲೇ ಕೆಲಸ ಮಾಡುತ್ತಾರೆ. ನಾಲ್ಕು ಮೇಜಿನ ಕೋಣೆಯಲ್ಲಿ ನಾನೊಬ್ಬಳೇ. ಕೆಲವು ದಿನ ಬಾಗಿಲು ಹಾಕುವಾಗ, ಬೆಳಗ್ಗೆಯಿಂದ ಬಾಯಿಬಿಟ್ಟು ಒಂದು ಮಾತೂ ಆಡಿಲ್ಲವಲ್ಲ ಎನ್ನುವುದು ಹೊಳೆಯುತ್ತದೆ.

ಕಳೆದ ವಾರ ಒಬ್ಬ ಬಡಗಿ, ನಮ್ಮ ಹಾಗೆಯೇ ಜರ್ಮನಿಯಲ್ಲಿದ್ದು ಮರಳಿದವರು, ಮಗಳ ಅಲ್ಲಿನ ಶಾಲೆಯ ಅಂಕಪಟ್ಟಿ ಹಿಡಿದು ಬಂದಿದ್ದರು. ಜರ್ಮನ್‌ನಿಂದ ಇಂಗ್ಲಿಷಿಗೆ ಆಗಬೇಕು. ಬೇರೆ ಯಾರೋ ಮಾಡಿಕೊಟ್ಟಿದ್ದ ಅನುವಾದ ನೋಡಿ ಕಾಲೇಜಿನವರು ಸೀಟು ಇಲ್ಲ ಎಂದಿದ್ದರಂತೆ. ಗಣಿತ, ಭೌತಶಾಸ್ತ್ರ ಎಲ್ಲ ಸರಿಯಾಗಿತ್ತು. ಆರನೇ ಸಾಲಿನಲ್ಲಿ ಜರ್ಮನ್‌ನಲ್ಲಿ ‘ಇನ್‌ಫೊರ್ಮಾಟಿಕ್’ ಎಂದಿತ್ತು; ಅನುವಾದಕ ಅದನ್ನು ಇಂಗ್ಲಿಷಿನಲ್ಲಿ ‘ಕಂಪ್ಯೂಟರ್ ಸ್ಕಿಲ್ಸ್’ ಮಾಡಿಟ್ಟಿದ್ದ. ಆಗಬೇಕಾದದ್ದು ‘ಕಂಪ್ಯೂಟರ್ ಸೈನ್ಸ್’. ಸೈನ್ಸ್ ಎಂದರೆ ಪ್ರೋಗ್ರಾಂ ಬರೆಯುವ ವಿದ್ಯೆ. ಸ್ಕಿಲ್ಸ್ ಎಂದರೆ ಪತ್ರ ಟೈಪು ಮಾಡಿ ಪ್ರಿಂಟು ತೆಗೆಯುವ ಕೆಲಸ. ಬಡಗಿ ಎರಡೂ ಕಾಗದ ಮುಂದಿಟ್ಟು ಕೇಳಿದರು: “ನಂಗೆ ಎರಡು ಭಾಷೆನೂ ಅಷ್ಟಕ್ಕಷ್ಟೆ, ಮೇಡಂ. ಹಾಗಾದ್ರೆ ನನ್ನ ಮಗಳು ಇಷ್ಟು ವರ್ಷ ಓದಿದ್ದೇನು?”

ಅರ್ಧ ಗಂಟೆಯಲ್ಲಿ ಹೊಸದಾಗಿ ಬರೆದು ಮೊಹರು ಹಾಕಿಕೊಟ್ಟೆ. ನಿನ್ನೆ ಬಂದು, ಸೀಟು ಸಿಕ್ಕಿತು ಎಂದು ಹೇಳಿ ಹೋದರು. ಅವರು ಮೆಟ್ಟಿಲಿಳಿದ ಮೇಲೆ ಬೀರುವಿನಿಂದ ನಿನ್ನ ಅಂಕಪಟ್ಟಿಯ ಪ್ರತಿ ತೆಗೆದೆ. ಹನ್ನೊಂದು ವರ್ಷದ ಹಿಂದೆ, ಅಧಿಕೃತ ಅನುವಾದಕಿಯೆಂದು ನನ್ನ ಹೆಸರಿನ ಮೊಹರು ಕೈಗೆ ಬಂದ ಹೊಸದರಲ್ಲಿ ನಾನೇ ಮಾಡಿದ ಅನುವಾದ. ಅದೇ ವಿಷಯ, ಅದೇ ತಪ್ಪು, ಕೆಳಗೆ ನನ್ನ ಸಹಿ. ಲಕೋಟೆ ಅಂಟಿಸಿ ಕಾಲೇಜಿಗೆ ನಾನೇ ಕಳಿಸಿದ್ದೆ, ನೀನು ನೋಡಿರಲೇ ಇಲ್ಲ. ಸೀಟು ಸಿಗದಿದ್ದಾಗ ಅಂಕ ಸಾಲಲಿಲ್ಲ ಎಂದುಕೊಂಡು ನೀನು ಎರಡು ದಿನ ಊಟ ಬಿಟ್ಟೆ. ಇಡೀ ಶಾಲೆಯ ವೇಳಾಪಟ್ಟಿ ಹೆಣೆಯುವ ಪ್ರೋಗ್ರಾಂ ಬರೆದಿದ್ದ ನಿನ್ನ ಬಗ್ಗೆ ಅಪ್ಪ ‘ಓದು ಇವಳ ತಲೆಗೆ ಹತ್ತಲ್ಲ’ ಅಂದರು. ಆ ಮಾತಿಗೆ ಮನೆ ಬಿಟ್ಟವಳು ನೀನು ತಿರುಗಿ ನೋಡಲಿಲ್ಲ. ಅಂಕ ಬೇಕಾದಷ್ಟಿತ್ತು ಪುಟ್ಟೀ. ಸಾಲದೆ ಹೋದದ್ದು ನನ್ನ ಜರ್ಮನ್.

ಸರಿಯಾದ ಅನುವಾದ ಇದರ ಜೊತೆಗಿದೆ. ಮೂವತ್ತಾದವರಿಗೂ ಸಂಜೆ ತರಗತಿ ಇದೆಯಂತೆ, ಫೋನು ಮಾಡಿ ವಿಚಾರಿಸಿದೆ. ಅರ್ಜಿ ಹಾಕುವುದು ಬಿಡುವುದು ನಿನಗೆ ಸೇರಿದ್ದು. ನನ್ನ ಮೇಲೆ ಎಷ್ಟೇ ಸಿಟ್ಟಿರಲಿ, ನೂರು ಕಾಲ ಸುಖವಾಗಿ ಬಾಳು.

ನಿನ್ನ
ಅಕ್ಕ

ತಾ.ಕ.: ತಪ್ಪು ನಿನ್ನೆಯಷ್ಟೇ ಕಣ್ಣಿಗೆ ಬಿತ್ತು ಎಂಬಂತೆ ಮೇಲೆ ಬರೆದಿದ್ದೇನೆ. ಸುಳ್ಳು. ನೀನು ಹೋದ ಮೂರನೇ ತಿಂಗಳಲ್ಲೇ, ನನಗೆ ಕೆಲಸ ಕಲಿಸಿದ ಹಿರಿಯರು ಅದನ್ನು ತೋರಿಸಿಕೊಟ್ಟಿದ್ದರು. “ತಂಗಿಗೆ ಹೇಳಿಬಿಡಮ್ಮ, ಇನ್ನೂ ಕಾಲ ಮಿಂಚಿಲ್ಲ” ಅಂದರು. ಮೊಹರು ಕಿತ್ತುಕೊಂಡಾರೆಂದು ಹೆದರಿ ಬಾಯಿ ಮುಚ್ಚಿಕೊಂಡೆ. ಅಂಚೆ ಎತ್ತುವ ಹೊತ್ತಾಯಿತು. ಮತ್ತೆ ಹೆದರುವ ಮೊದಲೇ ಡಬ್ಬಿಗೆ ಹಾಕಿಬಿಡುತ್ತೇನೆ.